ಎರಡು ಕಾಯಿಲೆ, ಒಂದೇ ಫೈಲು

ಈ ಅಂಕಣಕ್ಕೆ ಪತ್ರ ಬರೆಯುವವರಿಗೆ ಪ್ರತಿ ಸಲವೂ ಹೇಳುವ ಮಾತನ್ನು ಮತ್ತೆ ಹೇಳುತ್ತೇನೆ: ನಾನು ವೈದ್ಯನಲ್ಲ. ಕುಮಟಾ ಕಡೆಯ ಪ್ರೌಢಶಾಲೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಗಣಿತ ಕಲಿಸಿ 2024ರಲ್ಲಿ ನಿವೃತ್ತನಾದವನು. 1991ರಿಂದ ಬೈಪೋಲಾರ್ ಕಾಯಿಲೆಯೊಂದಿಗೆ, ಎಂದರೆ ಮನಸ್ಸು ಕೆಲವು ಕಾಲ ಅತಿಯಾಗಿ ಏರಿ ಕೆಲವು ಕಾಲ ಅತಿಯಾಗಿ ಇಳಿಯುವ ಕಾಯಿಲೆಯೊಂದಿಗೆ, ಬದುಕುತ್ತಿದ್ದೇನೆ. ಅದರ ಜೊತೆಗೇ ಹದಿನೇಳು ವರ್ಷ ಕುಡಿದೆ. 2008ರ ಚೌತಿಯ ನಂತರ ಕುಡಿದಿಲ್ಲ. ಮಾತ್ರೆಯ ಪ್ರಮಾಣವನ್ನು ನಿಮ್ಮ ವೈದ್ಯರನ್ನೇ ಕೇಳಿ. ಉಳಿದದ್ದನ್ನು ನನ್ನನ್ನು ಕೇಳಬಹುದು.

ಪ್ರಶ್ನೆ: ಮಾಸ್ತರರೇ, ನನ್ನ ತಮ್ಮನಿಗೆ 29 ವರ್ಷ. ಕಾರವಾರದ ಬೈತಖೋಲ ಬಂದರಿನಿಂದ ಹೊರಡುವ ಟ್ರಾಲ್ ಮೀನುಗಾರಿಕೆ ಬೋಟಿನಲ್ಲಿ ಕೆಲಸ. ಹೋದ ವರ್ಷ ಚೌತಿಯ ಹೊತ್ತಿಗೆ ಎಂಟು-ಒಂಬತ್ತು ರಾತ್ರಿ ಮಲಗಲೇ ಇಲ್ಲ. ಎರಡು ಬೋಟು ಖರೀದಿಸುತ್ತೇನೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ, ಸಾಲ ಮಾಡಿದ, ಅಪ್ಪನ ಮೇಲೆ ಕೈ ಎತ್ತಿದ. ಆ ದಿನಗಳಲ್ಲಿ ಕುಡಿದದ್ದು ಮಾತ್ರ ಕಡಿಮೆಯೇ. ದೀಪಾವಳಿ ಕಳೆದ ಮೇಲೆ ಮಾತೇ ನಿಂತಿತು. ಹಗಲಿಡೀ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದವನು ಸಂಜೆಯಾದರೆ ಎದ್ದು ಕುಡಿಯಲು ಹೋಗುತ್ತಿದ್ದ. ಗೋವಾ ಗಡಿ ದೂರವಿಲ್ಲ, ಅಗ್ಗಕ್ಕೆ ಸಿಗುತ್ತದೆ. ಒಬ್ಬ ವೈದ್ಯರು ‘ಮೊದಲು ಕುಡಿತ ಬಿಡಿಸಿ, ಆಮೇಲೆ ಕರೆದುಕೊಂಡು ಬನ್ನಿ’ ಎಂದರು. ಕುಡಿತ ಬಿಡಿಸುವ ಕೇಂದ್ರದಲ್ಲಿ ‘ಇಲ್ಲಿ ಮಾತ್ರೆ ಗೀತ್ರೆ ಇಲ್ಲ’ ಎಂದು ಇದ್ದ ಮಾತ್ರೆಯನ್ನೂ ತೆಗೆದಿಟ್ಟರು. ಕೊನೆಗೆ ಮನೆಯಲ್ಲೇ ಬಿಡಿಸೋಣವೆಂದು ಅಮ್ಮ ಕೋಣೆಯಲ್ಲಿ ಕೂಡಿಹಾಕಿದಳು. ಮರುದಿನ ಫಿಟ್ಸ್ ಬಂದು ನಾಲಿಗೆ ಕಚ್ಚಿಕೊಂಡ. ಈಗ ಇನ್ನೊಂದು ಕಡೆ ಮಾತ್ರೆ ಶುರುವಾಗಿದೆ. ಆದರೆ ಅವನು ಕುಡಿದು ಬಂದ ದಿನ ‘ಕುಡಿದವನಿಗೆ ಮಾತ್ರೆ ವಿಷ’ ಎಂದು ಅಮ್ಮ ಕೊಡುವುದಿಲ್ಲ. ಹಾಗೆ ತಿಂಗಳಲ್ಲಿ ಹತ್ತು ದಿನ ತಪ್ಪುತ್ತದೆ. ನೆರೆಹೊರೆಯವರು ಗಾಳಿ ಸೋಕಿದೆ ಎನ್ನುತ್ತಾರೆ. ಕುಡಿತದಿಂದ ತಲೆ ಕೆಟ್ಟಿತೋ, ತಲೆ ಕೆಟ್ಟದ್ದರಿಂದ ಕುಡಿಯುತ್ತಿದ್ದಾನೋ? ಮೊದಲು ಯಾವುದಕ್ಕೆ ಮದ್ದು ಮಾಡಿಸಬೇಕು?
— ಹೆಸರು ಬೇಡ, ಅಂಕೋಲಾ ತಾಲೂಕು

ಉತ್ತರ: ತಂಗೀ, ನಿಮ್ಮ ಪತ್ರದಲ್ಲಿ ನೀವು ಹಾಗೆಯೇ ದಾಟಿ ಹೋದ ಒಂದು ವಾಕ್ಯವಿದೆ: ‘ಆ ದಿನಗಳಲ್ಲಿ ಕುಡಿದದ್ದು ಮಾತ್ರ ಕಡಿಮೆಯೇ.’ ಅದನ್ನು ಒಂದು ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಕೊಡಿ. ಕುಡಿತ ಕಡಿಮೆಯಿದ್ದಾಗಲೂ ನಿದ್ದೆ ಬೇಡವಾಯಿತು, ಮಾತು ಏರಿತು, ದುಡ್ಡಿನ ಅಂದಾಜು ತಪ್ಪಿತು ಎಂದರೆ ಅದು ಉನ್ಮಾದ ಇರಬಹುದು. ವೈದ್ಯರು ಹುಡುಕುವ ಸುಳಿವು ಇಂಥದ್ದೇ. ನಮ್ಮವರು ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಮಂಕಾಗಿ ಮಲಗಿದ ಮೇಲೆ. ಆಗ ವೈದ್ಯರಿಗೆ ಕಾಣುವುದು ಖಿನ್ನತೆ ಒಂದೇ. ಚೌತಿಯ ಕಥೆ ಹೇಳದಿದ್ದರೆ ಖಿನ್ನತೆಗಷ್ಟೇ ಮಾತ್ರೆ ಬರೆಯುತ್ತಾರೆ, ಮತ್ತು ಬೈಪೋಲಾರ್ ಇರುವವರನ್ನು ಆ ಒಂದೇ ಮಾತ್ರೆ ಕೆಲವೊಮ್ಮೆ ಪುನಃ ಉನ್ಮಾದಕ್ಕೆ ಎತ್ತಿ ಹಾಕುತ್ತದೆ.

ನನಗೆ ಹಾಗೆಯೇ ಆಯಿತು. 1991ರ ಮಾರ್ಚಿನಲ್ಲಿ ಒಂದೇ ರಾತ್ರಿ ಮೂರು ತರಗತಿಗಳ ಉತ್ತರಪತ್ರಿಕೆ ತಿದ್ದಿ, ಪ್ರತಿ ಮಗುವಿನ ಪತ್ರಿಕೆಯ ಅಂಚಿನಲ್ಲೂ ಉದ್ದುದ್ದ ಪತ್ರ ಬರೆದಿದ್ದೆ. ಮುಖ್ಯಾಧ್ಯಾಪಕರು ಹುರುಪಿನ ಹುಡುಗ ಎಂದು ಹೊಗಳಿದರು. ಜೂನಿನಲ್ಲಿ ಶಾಲೆ ತೆರೆದಾಗ ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ನಿಂತರೆ ಏಳರ ಮಗ್ಗಿ ನೆನಪಿಗೆ ಬರುತ್ತಿರಲಿಲ್ಲ. ಖಿನ್ನತೆ ಎಂದರು, ಮಾತ್ರೆ ಕೊಟ್ಟರು. ಮಾರ್ಚಿನ ರಾತ್ರಿಯ ವಿಷಯ ನಾನೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಎರಡು ತಿಂಗಳಲ್ಲಿ ಮತ್ತೆ ನಿದ್ದೆ ಹಾರಿತು. ಕುಡಿದರೆ ಎರಡು ತಾಸು ಕಣ್ಣು ಮುಚ್ಚುತ್ತಿತ್ತು. ಆ ಎರಡು ತಾಸಿಗಾಗಿ ಕುಡಿಯತೊಡಗಿದೆ.

ಮೊದಲು ಯಾವುದು ಎಂದು ಕೇಳಿದ್ದೀರಿ. ನಮ್ಮ ಮನೆಯಲ್ಲಿ ಈ ಪ್ರಶ್ನೆಯ ಮೇಲೆ ಹದಿನೈದು ವರ್ಷ ಜಗಳವಾಡಿದೆವು. ಅಪ್ಪ ಕುಡಿತ ಎನ್ನುತ್ತಿದ್ದರು, ಹೆಂಡತಿ ಕಾಯಿಲೆ ಎನ್ನುತ್ತಿದ್ದಳು. ಅಷ್ಟರಲ್ಲಿ ಎರಡೂ ಬೆಳೆದವು. ವೈದ್ಯರಿಗೆ ಈ ಪ್ರಶ್ನೆಯಿಂದ ಉಪಯೋಗವಿದೆ: ಕುಡಿತವೇ ತಂದ ಖಿನ್ನತೆಯಾದರೆ ಪೂರ್ತಿ ಬಿಟ್ಟ ಮೂರು-ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತದೆ, ಇಳಿಯದಿದ್ದರೆ ಬೇರೆ ಕಾಯಿಲೆ ಇದೆ ಎಂದು ತಿಳಿಯುತ್ತದೆ. ಆದರೆ ಉನ್ಮಾದ ಕಂಡವನನ್ನು, ಸಾಯುವ ಮಾತಾಡುವವನನ್ನು ಆ ನಾಲ್ಕು ವಾರ ಬಾಗಿಲಲ್ಲಿ ನಿಲ್ಲಿಸಬಾರದು. ಎರಡಕ್ಕೂ ಒಟ್ಟಿಗೇ ಚಿಕಿತ್ಸೆಯಾಗಬೇಕು, ಸಾಧ್ಯವಾದರೆ ಒಂದೇ ಕಡೆ. ‘ಕುಡಿತ ಬಿಡಿಸಿ ಬನ್ನಿ’ ಎಂದವರೂ, ಮಾತ್ರೆ ತೆಗೆದಿಟ್ಟವರೂ ನಿಮ್ಮ ತಮ್ಮನಿಗೆ ಅನ್ಯಾಯ ಮಾಡಿದ್ದಾರೆ, ಇದನ್ನು ನಾನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮಾನಸಿಕ ಕಾಯಿಲೆಗೆ ಕೊಡುವ ವ್ಯಾಖ್ಯೆಯಲ್ಲೇ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಪಟ್ಟ ಮಾನಸಿಕ ಸ್ಥಿತಿಗಳನ್ನೂ ಸೇರಿಸಿದೆ.

ನನ್ನ ಬಳಿ ಎರಡು ಪ್ಲಾಸ್ಟಿಕ್ ಕವರುಗಳಿದ್ದವು. ಒಂದರಲ್ಲಿ ಮನಸ್ಸಿನ ಚೀಟಿಗಳು, ಇನ್ನೊಂದರಲ್ಲಿ ಕುಡಿತದವು. ಇದನ್ನು ನೋಡಿದ ವೈದ್ಯರು ಅದನ್ನು ನೋಡಿರಲಿಲ್ಲ. 2006ರ ಒಂದು ರಾತ್ರಿ ಹೆಂಡತಿ ಅಡಿಕೆ ಚೀಲ ಹೊಲಿಯುವ ದಬ್ಬಣ ಹುಡುಕಿ ತಂದು, ಎರಡು ಕವರಿನ ಹಾಳೆಗಳನ್ನೂ ತಾರೀಖಿನಂತೆ ಜೋಡಿಸಿ, ಒಂದೇ ರಟ್ಟಿಗೆ ಹೊಲಿದಳು. ಮರುದಿನ ಬೆಳಗಿನ ಬಸ್ಸಿನಲ್ಲಿ ಅರಬೈಲ್ ಘಟ್ಟ ಹತ್ತಿ ಧಾರವಾಡಕ್ಕೆ ಹೋದೆವು. ಅಲ್ಲಿನ ವೈದ್ಯರು ಆ ಫೈಲನ್ನು ಮೊದಲ ಹಾಳೆಯಿಂದ ಕೊನೆಯವರೆಗೆ ಓದಿದರು. ಓದಿ ಮುಗಿಸಿ ಕೇಳಿದ ಮೊದಲ ಪ್ರಶ್ನೆ ‘ರಾತ್ರಿ ಎಷ್ಟು ತಾಸು ಮಲಗುತ್ತೀರಿ?’ ಎಂದು. ನೀವೂ ಒಂದೇ ಫೈಲು ಮಾಡಿ. ಫಿಟ್ಸ್ ಬಂದ ದಿನದ ಚೀಟಿ ಎಲ್ಲಕ್ಕಿಂತ ಮೇಲಿರಲಿ.

ಆ ಫಿಟ್ಸ್ ವಿಷಯ. ದಿನವೂ ಬಹಳ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ತಾಸುಗಳಲ್ಲಿ ಕೈ ನಡುಕ, ಬೆವರು ಶುರುವಾಗುತ್ತದೆ. ಫಿಟ್ಸ್ ಬರುವುದು ಹೆಚ್ಚಾಗಿ ಮೊದಲ ಎರಡು ದಿನಗಳಲ್ಲಿ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಜ್ವರ, ದಿಕ್ಕು ತಪ್ಪಿದ ಮಾತು, ಇಲ್ಲದ್ದು ಕಾಣುವುದು. ಇದು ಜೀವ ತೆಗೆಯಬಲ್ಲದು. ಗಾಳಿ ಸೋಕಿತು ಎನ್ನುವವರು ಹಲವು ಮನೆಗಳಲ್ಲಿ ಕಂಡಿರುವುದು ಇದನ್ನೇ. ಒಮ್ಮೆ ಫಿಟ್ಸ್ ಬಂದವನಿಗೆ ಮುಂದಿನ ಸಲವೂ ಬರುವ ಅಪಾಯ ಹೆಚ್ಚು. ಆದ್ದರಿಂದ ಅವನು ಕುಡಿತ ನಿಲ್ಲಿಸುವುದು ಆಸ್ಪತ್ರೆಯಲ್ಲೇ ಆಗಬೇಕು. ಅಲ್ಲಿ ನಡುಕ ತಡೆಯುವ ಮಾತ್ರೆಯನ್ನು ದಿನಕ್ಕಿಷ್ಟು ಇಳಿಸುತ್ತ ಸುಮಾರು ಒಂದು ವಾರದಲ್ಲಿ ನಿಲ್ಲಿಸುತ್ತಾರೆ, ಥಯಾಮಿನ್ ಎಂಬ ಬಿ1 ಜೀವಸತ್ವ ಕೊಡುತ್ತಾರೆ. ಅಮ್ಮನನ್ನು ದೂರಬೇಡಿ. ಎಲ್ಲ ಬಾಗಿಲು ಮುಚ್ಚಿದಾಗ ಅವರು ತಮ್ಮ ಕೈಗೆಟಕಿದ ಬಾಗಿಲಿಗೆ ಚಿಲಕ ಹಾಕಿದರು.

ಇನ್ನು ಕುಡಿದ ದಿನದ ಮಾತ್ರೆ. ನಿಮ್ಮ ಪತ್ರದಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಇದು. ಏರಿಳಿತ ತಡೆಯುವ ಮಾತ್ರೆ ದಿನವೂ ಹೊಟ್ಟೆಗೆ ಹೋದರೆ ಮಾತ್ರ ಕೆಲಸ ಮಾಡುತ್ತದೆ. ತಿಂಗಳಲ್ಲಿ ಹತ್ತು ದಿನ ತಪ್ಪಿದರೆ ಚಿಕಿತ್ಸೆ ನಡೆಯುತ್ತಿದೆ ಎಂದು ಹೇಳಲಾಗದು. ಹಾಗೆಂದು ಇದ್ದ ಮಾತ್ರೆಗಳನ್ನೆಲ್ಲ ಕಣ್ಣು ಮುಚ್ಚಿ ಕೊಡಲೂ ಬೇಡಿ. ನಿದ್ದೆಯ ಮಾತ್ರೆ, ಆತಂಕದ ಮಾತ್ರೆ ಮದ್ಯದ ಜೊತೆ ಸೇರಿದರೆ ಉಸಿರಾಟವೇ ಮಂದವಾಗಬಹುದು. ಅದಕ್ಕೇ ಅವನು ಕುಡಿಯದೆ ಇರುವ ಒಂದು ದಿನ, ಅವನನ್ನೂ ಕರೆದುಕೊಂಡು ಹೋಗಿ ವೈದ್ಯರನ್ನು ಕೇಳಿ: ‘ಕುಡಿದು ಬಂದ ರಾತ್ರಿ ಇವುಗಳಲ್ಲಿ ಯಾವುದನ್ನು ಕೊಡಬೇಕು, ಯಾವುದನ್ನು ಬಿಡಬೇಕು?’ ಉತ್ತರವನ್ನು ಚೀಟಿಯ ಹಿಂಬದಿಯಲ್ಲಿ ಬರೆಸಿಕೊಂಡು ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿ. 2006ರಿಂದ 2008ರ ನಡುವೆ ನಾನು ನಾಲ್ಕು ಸಲ ಕುಡಿದು ಮನೆಗೆ ಬಂದೆ. ನಾಲ್ಕು ರಾತ್ರಿಯೂ ಹೆಂಡತಿ ಆ ಚೀಟಿ ನೋಡಿ, ಕೊಡಬೇಕಾದದ್ದನ್ನು ಗಂಜಿಯ ಜೊತೆ ಕೊಟ್ಟಳು. ಮಾತಾಡಲಿಲ್ಲ. ಮಾತಾಡಿದ್ದು ಮರುದಿನ ಸಂಜೆ, ನಾನು ಶಾಲೆಯಿಂದ ಬಂದ ಮೇಲೆ.

ಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ಇದ್ದೇ ಇರುತ್ತದೆ. ಪ್ರತಿ ತಾರೀಖಿನ ಮನೆಯಲ್ಲೂ ನಿದ್ದೆ ಎಷ್ಟು ತಾಸು, ಮಾತ್ರೆ ಹೋಯಿತೇ, ಕುಡಿದನೇ ಎಂದು ಬರೆಯಿರಿ. ಬರೆಯುವುದು ಅವನೇ ಆದರೆ ಇನ್ನೂ ಒಳ್ಳೆಯದು. ಎರಡು-ಮೂರು ರಾತ್ರಿ ನಿದ್ದೆ ಇಳಿದು, ಆದರೂ ಆಯಾಸವೇ ಇಲ್ಲ ಎಂದು ಕಂಡರೆ ಮುಂದಿನ ಭೇಟಿಯವರೆಗೆ ಕಾಯದೆ ವೈದ್ಯರಿಗೆ ತಿಳಿಸಿ. ಬೋಟಿನ ಕೆಲಸದಲ್ಲಿ ರಾತ್ರಿ ಹಗಲಾಗುತ್ತದೆ, ಈ ಕಾಯಿಲೆಗೆ ನಿದ್ದೆಗೇಡಿನಷ್ಟು ಕೆಟ್ಟದ್ದು ಮತ್ತೊಂದಿಲ್ಲ. ಈ ಹಂಗಾಮಿಗಾದರೂ ದಡದ ಮೇಲಿನ ಕೆಲಸ, ಬಲೆ ದುರಸ್ತಿಯೋ ಐಸ್ ತುಂಬುವುದೋ, ಸಿಗುತ್ತದೆಯೇ ಎಂದು ಬೋಟಿನ ಮಾಲೀಕರನ್ನು ಕೇಳಿ. ಜೂನ್, ಜುಲೈಯಲ್ಲಿ ಮೀನುಗಾರಿಕೆ ನಿಷೇಧದ 61 ದಿನ ಕೈಯಲ್ಲಿ ಕೆಲಸವೂ ಇಲ್ಲ, ಹೊರಗೆ ಬಿಸಿಲೂ ಇಲ್ಲ. ಆ ಎರಡು ತಿಂಗಳಿಗೆ ಏನು ಮಾಡುವುದೆಂದು ಮೇ ತಿಂಗಳಲ್ಲೇ ಕೂತು ಮಾತಾಡಿ. ಅವನ ಪಾಲಿನ ಹಣ ನಿಮ್ಮ ಕೈಗೆ ಬರುವಂತೆ ಮಾಡಬಹುದು, ಆದರೆ ಅದು ಅವನು ನೆಟ್ಟಗಿರುವಾಗ, ಅವನೇ ಒಪ್ಪಿ ಆಗಬೇಕು. ಆಗಲೇ ಇನ್ನೊಂದನ್ನೂ ಬರೆಸಿಡಿ: ಮುಂದೆ ಕಾಯಿಲೆ ಏರಿದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಎಂದು. ಇದಕ್ಕೆ ಅದೇ 2017ರ ಕಾಯ್ದೆಯಲ್ಲಿ ಅವಕಾಶವಿದೆ.

ಸಾಯುವ ಮಾತು ಆಡುತ್ತಾನೆಯೇ ಎಂದು ನೀವು ಬರೆದಿಲ್ಲ. ನೇರವಾಗಿ ಕೇಳಿ. ಕೇಳಿದ್ದರಿಂದ ಯಾರ ತಲೆಯಲ್ಲೂ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಮಾತ್ರೆಗಳ ಕಟ್ಟು ಅವನ ಕೈಗೆ ಸಿಗುವಂತೆ ಇರಬಾರದು. ಆ ದಿನದ್ದಷ್ಟೇ ಹೊರಗೆ ಬರಲಿ. ಸಾಯುವ ಯೋಚನೆ ಇದೆ ಎಂದರೆ ಒಬ್ಬನನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ರಾತ್ರಿ ಎಷ್ಟು ಹೊತ್ತಾಗಿದ್ದರೂ 14416ಕ್ಕೆ ಕರೆ ಮಾಡಿ. ಟೆಲಿ-ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಅದು, 2022ರಿಂದ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಹೆಚ್ಚಿನದಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ದೇವರಿಗೆ ಹರಕೆ ಹೊರುವುದಿದ್ದರೆ ಹೊರಿ, ನನ್ನ ಅಮ್ಮನೂ ಹೊತ್ತಿದ್ದಳು. ಮಾತ್ರೆಯನ್ನು ಮಾತ್ರ ಹರಕೆಗೆ ಬಿಡಬೇಡಿ.

ಪ್ರಶ್ನೆ: ನನ್ನ ಯಜಮಾನರಿಗೆ ಸಂಶಯದ ಕಾಯಿಲೆ. ಮಾತ್ರೆ ತೆಗೆದುಕೊಳ್ಳುತ್ತಾರೆ, ಕುಡಿಯುತ್ತಾರೆ ಕೂಡ. ಗೊತ್ತಾಗದಂತೆ ಊಟದಲ್ಲಿ ಬೆರೆಸಿದರೆ ಕುಡಿತ ಬಿಡುತ್ತಾರೆ ಎಂದು ಒಂದು ಪುಡಿಯ ಜಾಹೀರಾತು ನೋಡಿದೆ. ತಂಬುಳಿಯಲ್ಲಿ ಹಾಕಬಹುದೇ?
— ಒಬ್ಬ ಗೃಹಿಣಿ, ಸಿರ್ಸಿ

ಉತ್ತರ: ಹಾಕಬೇಡಿ ಅಕ್ಕಾ. ಪುಡಿಯಲ್ಲಿ ಏನಿದೆಯೆಂದು ನಿಮಗೂ ಗೊತ್ತಿಲ್ಲ, ಅವರ ವೈದ್ಯರಿಗೂ ಗೊತ್ತಿಲ್ಲ. ಡೈಸಲ್ಫಿರಾಮ್ ಎಂಬ ನಿಜವಾದ ಔಷಧವೊಂದಿದೆ. ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಪ್ರಾಣಕ್ಕೂ ಅಪಾಯವಾಗಬಹುದು. ಹೀಗಾಗುತ್ತದೆ ಎಂದು ರೋಗಿಗೆ ಗೊತ್ತಿರುವುದೇ ಆ ಔಷಧದ ಶಕ್ತಿ. ಆದ್ದರಿಂದ ರೋಗಿಯ ಒಪ್ಪಿಗೆಯಿಲ್ಲದೆ ಅದನ್ನು ಕೊಡುವಂತಿಲ್ಲ. ಸಂಶಯದ ಕಾಯಿಲೆ ಇರುವವರಲ್ಲಿ ಅದು ಕಾಯಿಲೆಯನ್ನೇ ಕೆರಳಿಸಬಹುದು.

ಇನ್ನೊಂದು ಕಾರಣವೂ ಇದೆ. ಊಟದಲ್ಲಿ ಏನೋ ಬೆರೆಸುತ್ತಿದ್ದಾರೆ ಎಂಬುದು ಈ ಕಾಯಿಲೆಯವರ ದೊಡ್ಡ ಭಯ. ಆ ಭಯ ಸುಳ್ಳೆಂದು ನೀವು ಇಷ್ಟು ವರ್ಷ ಹೇಳುತ್ತ ಬಂದಿದ್ದೀರಿ. ಪುಡಿ ಬೆರೆಸಿದ ದಿನ ಅದು ನಿಜವಾಗುತ್ತದೆ, ಆಮೇಲೆ ನಿಮ್ಮ ಕೈಯಿಂದ ಅವರು ಮಾತ್ರೆಯನ್ನೂ ತೆಗೆದುಕೊಳ್ಳಲಾರರು. ಕುಡಿತದ ಸೆಳೆತ ತಗ್ಗಿಸುವ ಬೇರೆ ಮಾತ್ರೆಗಳಿವೆ. ಅವರ ಎದುರಿಗೇ ವೈದ್ಯರನ್ನು ಕೇಳಿ.

ಪ್ರಶ್ನೆ: ಮಗಳ ಮದುವೆಯ ನಂತರ ಖಿನ್ನತೆಯಾಗಿ ವೈದ್ಯರು ಒಂದು ತಿಂಗಳಿಗೆ ನಿದ್ದೆಯ ಮಾತ್ರೆ ಕೊಟ್ಟಿದ್ದರು. ಅದೇ ಹಳೆಯ ಚೀಟಿ ತೋರಿಸಿ ಆರು ವರ್ಷದಿಂದ ತರಿಸುತ್ತಿದ್ದೇನೆ. ಒಂದಿದ್ದದ್ದು ನಾಲ್ಕಾಗಿದೆ. ನಾನು ಕುಡಿಯುವವಳಲ್ಲ, ಇದಕ್ಕೆ ಚಟ ಎನ್ನುತ್ತಾರೆಯೇ? ನಾಳೆಯಿಂದಲೇ ನಿಲ್ಲಿಸಲೇ?
— 52ರ ಗೃಹಿಣಿ, ಹೊನ್ನಾವರ

ಉತ್ತರ: ನಾಳೆಯಿಂದ ನಿಲ್ಲಿಸಬೇಡಿ. ಬಹುತೇಕ ನಿದ್ದೆಯ ಮಾತ್ರೆಗಳನ್ನು ಇಷ್ಟು ವರ್ಷದ ಮೇಲೆ ಥಟ್ಟನೆ ಬಿಟ್ಟರೆ, ಕುಡಿತ ಬಿಟ್ಟವರಿಗೆ ಬರುವಂತೆಯೇ ಫಿಟ್ಸ್ ಬರಬಹುದು. ವೈದ್ಯರು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ. ಅವಲಂಬನೆ ಎನ್ನಿ, ಚಟ ಎನ್ನಿ, ಹೆಸರಿಗೆ ಹೆದರಿ ಸುಮ್ಮನಿರಬೇಡಿ. ಆರು ವರ್ಷದ ಹಿಂದಿನ ಖಿನ್ನತೆಗೆ ನಿಜವಾದ ಚಿಕಿತ್ಸೆ ಇನ್ನೂ ಶುರುವೇ ಆಗಿಲ್ಲ ಎಂದು ನನಗೆ ಅನ್ನಿಸುತ್ತದೆ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದೆಂದು ವಿಚಾರಿಸಿ ಹೋಗಿ. ಮಾತ್ರೆಯ ಖಾಲಿ ಪಟ್ಟಿಯನ್ನು ಜೊತೆಗೆ ಒಯ್ಯಿರಿ, ಮತ್ತು ನಾಲ್ಕು ಎಂದರೆ ನಾಲ್ಕೇ ಎಂದು ಹೇಳಿ. ಸಂಕೋಚದಿಂದ ಎರಡು ಎಂದರೆ ಇಳಿಸುವ ಲೆಕ್ಕವೇ ತಪ್ಪುತ್ತದೆ.

ಪ್ರಶ್ನೆ: ನನಗೆ 34, ಕಾರವಾರದಲ್ಲಿ ಗ್ಯಾರೇಜು ಇದೆ. ಬೈಪೋಲಾರ್‌ಗೆ ಲಿಥಿಯಂ ತೆಗೆದುಕೊಳ್ಳುತ್ತೇನೆ. ಕುಡಿತ ಬಿಟ್ಟು ಐದು ತಿಂಗಳಾಯಿತು. ಕೈ ಸಣ್ಣಗೆ ನಡುಗುತ್ತದೆ, ಗಿರಾಕಿಗಳು ಕುಡಿದಿದ್ದೇನೆ ಎಂದುಕೊಳ್ಳುತ್ತಾರೆ. ಮನೆಯಲ್ಲಿ ಸಂಜೆ ಹೆಂಡತಿ ಬಾಯಿ ಮೂಸುತ್ತಾಳೆ. ಕುಡಿತ ಬಿಡುವವರ ಸಂಘವಾದ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಸಭೆಯಲ್ಲಿ ಒಬ್ಬರು ‘ಮಾತ್ರೆಯೂ ಒಂದು ನಶೆಯೇ, ಬಿಡು’ ಎಂದರು. ಇಷ್ಟೆಲ್ಲ ಕೇಳಿಸಿಕೊಳ್ಳುವ ಬದಲು ಕುಡಿದೇ ಬಿಡೋಣ ಅನ್ನಿಸುತ್ತದೆ.
— ಒಬ್ಬ ಓದುಗ

ಉತ್ತರ: ತಮ್ಮಾ, ಐದು ತಿಂಗಳು ಎಂದರೆ ಐದು ತಿಂಗಳಿನ ಸಂಜೆಗಳು. ಒಂದೊಂದು ಸಂಜೆಯೂ ಎಷ್ಟು ಉದ್ದವಿರುತ್ತದೆ ಎಂದು ನನಗೆ ಗೊತ್ತು.

ಸಭೆಯಲ್ಲಿ ಹಾಗೆ ಹೇಳಿದವರು ತಮ್ಮ ಸಂಘದ ಮಾತನ್ನೇ ಮೀರಿದ್ದಾರೆ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆ ಸಂಘ ತನ್ನ ಸದಸ್ಯರು ವೈದ್ಯರ ಪಾತ್ರ ವಹಿಸಬಾರದು ಎಂದು ಅಚ್ಚು ಹಾಕಿಸಿಯೇ ಹೇಳಿದೆ. ಸಭೆಗೆ ಹೋಗುವುದನ್ನು ಬಿಡಬೇಡಿ, ನನ್ನನ್ನು ಮೊದಲ ವರ್ಷ ನಿಲ್ಲಿಸಿದ್ದು ಅಲ್ಲಿನ ಚಹಾ ಮತ್ತು ಬೆಂಚು. ಲಿಥಿಯಂ ನಶೆ ಕೊಡುವ ವಸ್ತುವಲ್ಲ. ಉನ್ಮಾದಕ್ಕೆ ಅದರಿಂದ ಗುಣ ಸಿಗುತ್ತದೆ ಎಂದು ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು 1949ರಲ್ಲಿ ಪ್ರಕಟಿಸಿದರು. ಇಂದಿಗೂ ಅದು ಮುಖ್ಯ ಔಷಧ.

ಸಣ್ಣ ನಡುಕ ಲಿಥಿಯಂನಿಂದ ಬರುವುದುಂಟು, ಅದಕ್ಕೆ ಪರಿಹಾರವೂ ಇದೆ, ವೈದ್ಯರಿಗೆ ಹೇಳಿ. ಆದರೆ ನಡುಕ ಜೋರಾದರೆ, ವಾಂತಿ-ಭೇದಿ ಶುರುವಾದರೆ, ನಾಲಿಗೆ ತೊದಲಿ ಕಾಲು ತೂರಾಡಿದರೆ ರಕ್ತದಲ್ಲಿ ಲಿಥಿಯಂ ಮಿತಿ ಮೀರಿದೆ ಎಂದು ಅರ್ಥವಿರಬಹುದು. ಅಂಥ ಹೊತ್ತಿನಲ್ಲಿ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನೋಡುವವರಿಗೆ ಅದು ಕುಡಿದವನಂತೆಯೇ ಕಾಣುತ್ತದೆ.

2011ರ ಏಪ್ರಿಲ್ಲಿನಲ್ಲಿ ಬೆನ್ನುನೋವಿಗೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ನಾಲ್ಕು ದಿನ ನುಂಗಿದೆ. ಸೆಕೆ ವಿಪರೀತವಿತ್ತು, ಅಂಗಿ ಬೆವರಿ ತೊಪ್ಪೆಯಾಗುತ್ತಿತ್ತು. ಕೆಲವು ನೋವಿನ ಮಾತ್ರೆಗಳು, ಬೆವರು, ಭೇದಿ, ಊಟದಲ್ಲಿ ಒಮ್ಮೆಲೇ ಉಪ್ಪು ಬಿಡುವುದು, ಇವೆಲ್ಲ ರಕ್ತದಲ್ಲಿ ಲಿಥಿಯಂ ಏರಿಸುತ್ತವೆ ಎಂದು ನನಗೆ ಹೇಳಿದ್ದರು, ನಾನು ಮರೆತಿದ್ದೆ. ಐದನೇ ದಿನ ಸಂಜೆ ಗೇಟು ತೆರೆಯಲು ಕೈ ಚಾಚಿದರೆ ಕೈ ಕೊಂಡಿಗೆ ತಾಗದೆ ಪಕ್ಕಕ್ಕೆ ಹೋಯಿತು. ಜಗಲಿಯ ಮೆಟ್ಟಿಲು ಹತ್ತುವಾಗ ಕಂಬ ಹಿಡಿದುಕೊಂಡೆ. ಹೆಂಡತಿ ಒಳಗಿನಿಂದ ನೋಡಿದಳು. ಮೂರು ವರ್ಷದ ನಂತರ ಆ ಕಣ್ಣು ಮತ್ತೆ ಕಂಡೆ. ಹತ್ತಿರ ಬಂದು ಮೂಸಿದಳು. ವಾಸನೆಯಿಲ್ಲ. ಅಷ್ಟಾದ ಮೇಲೆ ಅವಳಿಗೆ ಭಯವಾಯಿತು, ಆಟೋ ಕರೆಸಿದಳು. ರಕ್ತದಲ್ಲಿ ಲಿಥಿಯಂ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ನಡುವೆ ಇರಬೇಕು, ನನ್ನದು 1.9 ಇತ್ತು. ಎರಡು ದಿನ ಸಲೈನ್ ಹಾಕಿ ಮಲಗಿಸಿದರು. ಅವಳು ಅಂದು ಮೂಸದೆ ‘ಕುಡಿದಿದ್ದಾನೆ, ಮಲಗಿಕೊಳ್ಳಲಿ’ ಎಂದು ಬಿಟ್ಟಿದ್ದರೆ ಇವತ್ತು ನಾನು ನಿಮಗೆ ಬರೆಯುತ್ತಿರಲಿಲ್ಲ.

ಆದರೂ ಮೂಸಿಸಿಕೊಳ್ಳುವ ನೋವು ನೋವೇ. ನಾವು ಮಾಡಿಕೊಂಡ ಏರ್ಪಾಡು ಹೇಳುತ್ತೇನೆ. ನಮ್ಮಮ್ಮನ ಹಿತ್ತಾಳೆಯ ಕವಳದ ಪೆಟ್ಟಿಗೆ ಇತ್ತು, ನಾಲ್ಕು ಗೂಡಿನದು. ಎಲೆ, ಅಡಿಕೆ, ಸುಣ್ಣ ಇಡುತ್ತಿದ್ದ ಗೂಡುಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯ ಮಾತ್ರೆ ಇಟ್ಟೆವು. ನಾಲ್ಕನೆಯದರಲ್ಲಿ ಮುಂದಿನ ರಕ್ತಪರೀಕ್ಷೆಯ ತಾರೀಖಿನ ಚೀಟಿ. ಸಂಜೆ ಏಳಕ್ಕೆ ನಾನೇ ಪೆಟ್ಟಿಗೆ ತಂದು ಅವಳ ಮುಂದೆ ತೆರೆಯುತ್ತೇನೆ, ಎರಡೂ ಕೈ ಚಾಚಿ ತೋರಿಸುತ್ತೇನೆ, ಹಗಲು ಹೇಗಿತ್ತು ಎಂದು ಎರಡು ಮಾತು ಹೇಳುತ್ತೇನೆ. ಕುಡಿಯಬೇಕೆನ್ನಿಸಿದ್ದರೆ ಅದನ್ನೂ ಹೇಳುತ್ತೇನೆ. ಅವಳು ಮೂಸುವುದು ತಾನಾಗಿಯೇ ನಿಂತಿತು, ಯಾವಾಗ ನಿಂತಿತೆಂದು ಇಬ್ಬರಿಗೂ ನೆನಪಿಲ್ಲ. ನಿಮ್ಮ ಹೆಂಡತಿಗೂ ಈ ಪತ್ರಿಕೆ ತೋರಿಸಿ, ನೀವೇ ಮುಂದಾಗಿ ಹೇಳಿ.

ರಕ್ತಪರೀಕ್ಷೆ ಆಗಿ ಎಷ್ಟು ತಿಂಗಳಾಯಿತು ಎಂದು ನೀವು ಬರೆದಿಲ್ಲ. ರಾತ್ರಿಯ ಮಾತ್ರೆ ತೆಗೆದುಕೊಂಡು ಹನ್ನೆರಡು ತಾಸಾದ ಮೇಲೆ, ಬೆಳಗಿನ ಮಾತ್ರೆ ನುಂಗುವ ಮೊದಲು, ಹೋಗಿ ರಕ್ತ ಕೊಡಿ. ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ. ವರದಿಯನ್ನು ವೈದ್ಯರಿಗೆ ತೋರಿಸಿದ ಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ. ಆಗ ನಿಮಗೆ ಆರನೇ ತಿಂಗಳು ನಡೆಯುತ್ತಿರುತ್ತದೆ.